ಊಂ ಅವರದು, ಪಾ ನಮ್ಮದು

ಜಾನ್ ಫಿಲಿಪ್ ಸೂಸಾನಿಗೆ ಹಾರ್ನ್ ಊದುವವರ ಮೇಲೆ ಯಾವುದೋ ಹಳೇ ಹಗೆ ಇದ್ದಿರಬೇಕು. ಅವನ 'ದಿ ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್' ಅಮೆರಿಕದ ಅಧಿಕೃತ ರಾಷ್ಟ್ರೀಯ ಮಾರ್ಚ್. ಓಹಾಯೋದ ನಮ್ಮ ಪುಟ್ಟ ಊರಿನಲ್ಲೂ ಜುಲೈ 4ರ ಸಂಜೆಯ ಕಛೇರಿ ಅದಿಲ್ಲದೆ ಮುಗಿಯುವುದಿಲ್ಲ. ಟ್ಯೂಬಾ, ದೊಡ್ಡ ಡ್ರಮ್ಮು ತಾಳದ ಪೆಟ್ಟಿಗೆ 'ಊಂ' ಅನ್ನುತ್ತವೆ. ನಾವು ಫ್ರೆಂಚ್ ಹಾರ್ನಿನವರು ಎರಡು ಪೆಟ್ಟುಗಳ ನಡುವೆ 'ಪಾ' ಅನ್ನುತ್ತೇವೆ. ಮೂರೂವರೆ ನಿಮಿಷದಲ್ಲಿ ಬಹುಪಾಲು ನಮ್ಮ ಕೆಲಸ ಇಷ್ಟೇ. ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಮಗಳು, "ಅಪ್ಪಾ, ಹಾಡು ಯಾವಾಗ ಶುರು ಮಾಡ್ತೀಯಾ?" ಅನ್ನುತ್ತಾಳೆ.

ಆದರೆ ಆ 'ಪಾ' ಹಾಗೆಲ್ಲ ಕೈಗೆ ಸಿಗುವಂಥದ್ದಲ್ಲ. ಊಂ ಕಿವಿಗೆ ಬಿದ್ದ ಮೇಲೆ ಊದಿದರೆ ಆಗಲೇ ತಡ. ನಮ್ಮ ವಾದ್ಯದ ಬಾಯಿ ಬೇರೆ ಹಿಂದಕ್ಕೆ ತಿರುಗಿರುತ್ತದೆ. ನಾದ ಮೊದಲು ಹಿಂದಿನ ಗೋಡೆಗೆ ಬಡಿದು ಆಮೇಲೆ ಸಭಿಕರತ್ತ ಹೊರಡಬೇಕು. ಹಾಗಾಗಿ ಕೂದಲೆಳೆಯಷ್ಟು ಮುಂಚೆಯೇ ನಾಲಿಗೆ ತಗುಲಿಸಬೇಕು. ಗಿಡ್ಡಗೆ, ಹಗುರಾಗಿ. ಸ್ವಲ್ಪ ಎಳೆದರೂ ಇಡೀ ಮಾರ್ಚ್ ಕೆಸರುಗದ್ದೆಗೆ ಇಳಿದಂತಾಗುತ್ತದೆ. ಸರಿಯಾಗಿ ಕೂತಾಗ ಮಾತ್ರ, ಪಕ್ಕದ ಮೂವರ ಉಸಿರೂ ನನ್ನದೂ ಒಟ್ಟಿಗೇ ಕತ್ತರಿಸಿದಂತೆ ನಿಲ್ಲುತ್ತದಲ್ಲ, ಆ ಸುಖ ರಾಗ ನುಡಿಸುವವರಿಗೆ ಸಿಗುತ್ತದೆಯೋ ಇಲ್ಲವೋ ನನಗೆ ಅನುಮಾನ.

ಅಲ್ಲದೆ, ಹಿಮ್ಮೇಳದಲ್ಲಿ ಕೂತವನಿಗೆ ಆಟವೆಲ್ಲ ಕಾಣುತ್ತದೆ. ಈ ಮಾರ್ಚ್ ಹುಟ್ಟಿದ ಕತೆ ಹೀಗೆ: 1896ರಲ್ಲಿ ಯುರೋಪಿನಲ್ಲಿದ್ದಾಗ ಸೂಸಾನಿಗೆ ತನ್ನ ಮ್ಯಾನೇಜರ್ ಡೇವಿಡ್ ಬ್ಲೇಕ್ಲಿ ತೀರಿಕೊಂಡ ಸುದ್ದಿ ಬಂತು. ಹಡಗು ಹತ್ತಿ ಮರಳುವಾಗ ತಲೆಯೊಳಗೊಂದು ಬ್ಯಾಂಡು ಬಿಡದೆ ನುಡಿಯತೊಡಗಿತಂತೆ. ಊರು ಸೇರಿದ ಮೇಲೆ ಅದನ್ನೇ ಕಾಗದಕ್ಕಿಳಿಸಿದ. ಟ್ರಯೋ ಭಾಗ ಬಂದಾಗಲೆಲ್ಲ ನನಗೆ ಆ ಗುಂಗು ನಿಜವೆನ್ನಿಸುತ್ತದೆ. ಒಂದೇ ರಾಗ ಮೂರು ಸಲ ಬರುತ್ತದೆ. ಮೊದಲು ಮೆತ್ತಗೆ, ಏನೂ ಗೊತ್ತಿಲ್ಲದವರ ಹಾಗೆ. ಆಮೇಲೆ ಕೆಳಗಿನ ಹಿತ್ತಾಳೆಗೂ ಮೇಲಿನ ವಾದ್ಯಗಳಿಗೂ ಜಟಾಪಟಿ; ಬ್ಯಾಂಡಿನವರು ಇದನ್ನು 'ಡಾಗ್‌ಫೈಟ್' ಅಂತಲೇ ಕರೆಯುತ್ತಾರೆ. ಜಗಳ ಇಳಿದರೆ ಅದೇ ರಾಗ, ಅದರ ನೆತ್ತಿಯ ಮೇಲೆ ಪಿಕೊಲೊ. ಮತ್ತೆ ಜಗಳ. ಮೂರನೆಯ ಸಲ ಅದೇ ರಾಗ, ಅದೇ ಪಿಕೊಲೊ, ಈಗ ಕೆಳಗಿನಿಂದ ಟ್ರಾಂಬೋನಿನವರು ಎದೆ ಸೆಟೆಸಿ ಬೇರೆಯದೇ ಒಂದು ರಾಗ ಹಿಡಿದು ಬರುತ್ತಾರೆ. ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಸೂಸಾನ ಜಾಣತನವೆಲ್ಲ ಇಲ್ಲಿದೆ: ರಾಗವನ್ನು ಬದಲಿಸುವ ಗೋಜಿಗೇ ಹೋಗದೆ ಅದರ ತೂಕ ಏರಿಸುತ್ತಾನೆ.

ಅಷ್ಟರಲ್ಲಿ ಪಿಕೊಲೊದವಳು ಎದ್ದು ವೇದಿಕೆಯ ಅಂಚಿಗೆ ಬಂದಿರುತ್ತಾಳೆ, ಟ್ರಾಂಬೋನಿನವರೂ ಸಾಲಾಗಿ ನಿಂತಿರುತ್ತಾರೆ. ನಮ್ಮನ್ನು ಯಾರೂ ಏಳಿ ಅನ್ನುವುದಿಲ್ಲ. ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡ ಜನ ಚಪ್ಪಾಳೆ ಶುರುಮಾಡುತ್ತಾರೆ, ಅದೂ ಸರಿಯಾಗಿ ಊಂ ಮೇಲೆ. ಅಷ್ಟು ಕೈಗಳು ಸೇರಿದರೆ ಕಾಲಪ್ರಮಾಣ ಹಿಂದಕ್ಕೆ ಜಗ್ಗದೆ ಇರುವುದಿಲ್ಲ. ನಿರ್ದೇಶಕರು ತಿರುಗಿ ಅವರಿಗೂ ಕೈ ಬೀಸುತ್ತಾರೆ. ಅವರು ನಕ್ಕು ಇನ್ನಷ್ಟು ನಿಧಾನ ಮಾಡುತ್ತಾರೆ. ಆಗ ಒಂದೊಂದು ಚಪ್ಪಾಳೆಯ ಬೆನ್ನಿಗೂ ಒಂದೊಂದು 'ಪಾ' ಹಾಕಿ ಆ ಇಡೀ ಮೈದಾನವನ್ನು ಮುಂದಕ್ಕೆ ನೂಕುವವರು ನಾವು ನಾಲ್ವರು. ಕೊನೆಗೆ ಹೂಗುಚ್ಛ ಪಿಕೊಲೊದವಳಿಗೆ ಹೋಗುತ್ತದೆ. ಹೋಗಲಿ, ಪಾಪ, ಆ ಎತ್ತರದಲ್ಲಿ ಒಂದು ಸ್ವರ ಜಾರಿದರೂ ಊರಿಗೆಲ್ಲ ಕೇಳಿಸುತ್ತದೆ.