ಕಂಪ್ಲಿ ಬೋರ್ಡಿನ ಒತ್ತಕ್ಷರ

ಮಗುವಿಗೆ ಓದು ಕಲಿಸುವ ಸುಖ ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿಸುವುದರಲ್ಲಿ ಸಿಗುವುದಿಲ್ಲ. ಕನ್ನಡದ 49 ಅಕ್ಷರಗಳನ್ನೂ ತಪ್ಪಿಲ್ಲದೆ ಒಪ್ಪಿಸುವ ಮಗು ‘ಸರ’ ಎಂಬ ಪದದ ಮುಂದೆ ತಡವರಿಸುವುದುಂಟು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹುಟ್ಟಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿ ಅ, ಆ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂದು ಹೊರಡುತ್ತದೆ. ಐದೇ ಅಕ್ಷರ, ಅಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಓದಲು ಬರುತ್ತವೆ. ಮೊದಲ ಪದ ತಾನೇ ಓದಿದ ಮಗುವಿನ ಮುಖವನ್ನು ನೋಡಿಯೇ ತಿಳಿಯಬೇಕು.

ಮುಂದಿನ ಪಾಠಕ್ಕೆ ಹೊಸಪೇಟೆಯ ಬಸ್ ನಿಲ್ದಾಣ ಸಾಕು. ‘ಹಂಪಿ’ ಬೋರ್ಡಿನಲ್ಲಿ ಸೊನ್ನೆಯೂ ಗುಡಿಸೂ ಇವೆ. ‘ಸಂಡೂರು’ ದೀರ್ಘವನ್ನು ಕಲಿಸುತ್ತದೆ. ಕಷ್ಟ ಬರುವುದು ‘ಕಂಪ್ಲಿ’ಯಲ್ಲಿ. ಗುಡಿಸು ಕಾಣುವುದು ಪಕಾರದ ತಲೆಯ ಮೇಲೆ, ಅದರ ಉಲಿ ಕೇಳುವುದು ಕೆಳಗಿನ ಲಕಾರದ ನಂತರ. ಕಂಡದ್ದನ್ನು ಕಂಡ ಕ್ರಮದಲ್ಲೇ ಓದುವ ಮಗು ‘ಕಂಪಿಲ’ ಎನ್ನುತ್ತದೆ. ಗದರಬಾರದು, ಅದರ ತರ್ಕ ಸರಿಯಾಗಿಯೇ ಇದೆ. ಊರಿನ ಹೆಸರು ಕಿವಿಗೆ ಮೊದಲೇ ಗೊತ್ತಿರುವುದರಿಂದ ನಾಲಿಗೆ ತಾನಾಗಿ ತಿದ್ದಿಕೊಳ್ಳುತ್ತದೆ.

ಕೇಳಿದ ಪದವೇ ಓದಿಗೆ ಆಸರೆ. ಆದರೆ ಸಂಡೂರಿನ ತಾಂಡಾಗಳ ಮನೆಮಾತು ಲಂಬಾಣಿ. ಹೊಸಪೇಟೆ, ಕಂಪ್ಲಿಯ ಎಷ್ಟೋ ಮನೆಗಳಲ್ಲಿ ತೆಲುಗು, ಉರ್ದು. ಅಲ್ಲಿ ವಸ್ತುವನ್ನು ಮುಂದಿಟ್ಟುಕೊಂಡು ಮಾತಾಡಬೇಕು. 2010ರಲ್ಲಿ ಭೌಗೋಳಿಕ ಸೂಚಕ ಪಡೆದ ಸಂಡೂರಿನ ಲಂಬಾಣಿ ಕಸೂತಿಯ ಒಂದು ತುಂಡು ಬಟ್ಟೆಯಲ್ಲೇ ದಾರ, ಕನ್ನಡಿ, ಕವಡೆ, ಅಂಚು ಸಿಗುತ್ತವೆ. ಮಗು ಮೊದಲು ಮನೆಮಾತಿನ ಹೆಸರು ಹೇಳಲಿ, ಅದರ ಪಕ್ಕಕ್ಕೆ ಕನ್ನಡದ ಹೆಸರು ಬರಲಿ. ಮನೆಮಾತನ್ನು ತಡೆದರೆ ಮಗುವಿನ ಬಾಯಿಯೇ ಕಟ್ಟುತ್ತದೆ.

ಓದಿದ್ದು ಅರ್ಥವಾಯಿತೇ ಎಂದು ಕೇಳಿದರೆ ಎಲ್ಲ ಮಕ್ಕಳೂ ‘ಹೂಂ’ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ಹಂಪಿಯ ಸಾಸಿವೆಕಾಳು ಗಣಪ ಆಳೆತ್ತರಕ್ಕೂ ಮಿಗಿಲು. ಕಡಲೆಕಾಳು ಗಣಪ ಅದಕ್ಕಿಂತ ದೊಡ್ಡದು. ಇಷ್ಟನ್ನು ಓದಿಸಿ, ‘ಇಷ್ಟು ದೊಡ್ಡವರಿಗೆ ಕಾಳಿನ ಹೆಸರು ಯಾಕೆ?’ ಎಂದು ಕೇಳಿದರೆ ಮಗು ಪುಟಕ್ಕೆ ಮರಳುತ್ತದೆ, ಚಿತ್ರದಲ್ಲಿ ಗಣಪನ ಹೊಟ್ಟೆ ನೋಡುತ್ತದೆ, ಊಹಿಸುತ್ತದೆ, ಊಹೆಗೆ ಕಾರಣ ಕೊಡುತ್ತದೆ. ಕಥೆಯನ್ನು ನಡುವೆ ನಿಲ್ಲಿಸಿ ‘ಮುಂದೇನಾದೀತು?’ ಎಂದರೂ ಇದೇ ಕೆಲಸ ನಡೆಯುತ್ತದೆ.

ಇದಕ್ಕೆಲ್ಲ ಪುಸ್ತಕ ಕೈಗೆಟುಕಬೇಕು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಪುಸ್ತಕವನ್ನು ಮಗುವೇ ಆರಿಸಲಿ. ಸಾಲುಸಾಲಿಗೂ ತಿಳಿಯದ ಪದ ಎದುರಾದರೆ ದೊಡ್ಡವರು ಗಟ್ಟಿಯಾಗಿ ಓದಿ ಹೇಳಲಿ, ಮಗು ಬೆರಳಿಟ್ಟು ಹಿಂಬಾಲಿಸಲಿ.