ಕಿಣ್ವಕ್ಕೊಂದು ಗೂಡು

ಕಳೆದ ಚಳಿಗಾಲದ ಒಂದು ಭಾನುವಾರ, ಬೆಲ್‌ರೋಸ್‌ನ ನಮ್ಮ ಕನ್ನಡ ತರಗತಿ ಮುಗಿದ ಮೇಲೆ ಹೈಸ್ಕೂಲಿನ ಹುಡುಗನೊಬ್ಬ ಉಳಿದುಕೊಂಡ. "ಟೀಚರ್, ನನ್ನ ಸೈನ್ಸ್ ಪ್ರಾಜೆಕ್ಟ್ ಏನೂಂತ ಅಜ್ಜಿ ಫೋನಲ್ಲಿ ಕೇಳ್ತಾರೆ. ಕನ್ನಡದಲ್ಲಿ ಹೇಳೋಕೇ ಆಗಲ್ಲ. ಮತ್ತೆ ಕನ್ನಡ ಯಾಕೆ ಕಲೀಬೇಕು?" ಎಂದ. ರಂಧ್ರಗಳಿರುವ ಸಿಲಿಕಾ ನ್ಯಾನೊ ಕಣಗಳಲ್ಲಿ ಎನ್‌ಜೈಮ್‌ಗಳನ್ನು ನೆಲೆಗೊಳಿಸುವುದು ಅವನ ವಿಷಯ. ನಾವು ಓದಿದ್ದು ಬಿ.ಎ., ಬಿ.ಎಡ್. ಬಾಯಿ ಕಟ್ಟಿತು. "ಒಂದು ವಾರ ಕೊಡಪ್ಪ" ಎಂದೆವು.

ಮೊದಲು ಕೈಗೆ ಸಿಕ್ಕಿದ್ದು ಪದವೇ. ಎನ್‌ಜೈಮ್‌ಗೆ ಕನ್ನಡದಲ್ಲಿ ಕಿಣ್ವ. ಸಂಸ್ಕೃತದಿಂದ ಬಂದ ಈ ಹಳೆಯ ಪದಕ್ಕೆ ಹುದುಗು ಬರಿಸುವ ವಸ್ತು ಎಂದರ್ಥ, ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೆ (ಸುರೆಯ ಅಧ್ಯಾಯದಲ್ಲಿ, ಅದನ್ನು ಹುಡುಗನಿಗೆ ಹೇಳಲಿಲ್ಲ). ಗ್ರೀಕ್ ಮೂಲದ ಎನ್‌ಜೈಮ್ ಎಂದರೂ "ಹುದುಗಿನೊಳಗೆ" ಎಂದೇ.

ಇನ್ನು ವಿಷಯ. ಕಿಣ್ವ ಕೆಲಸ ಮಾಡಿಯೂ ಖರ್ಚಾಗುವುದಿಲ್ಲ. ಆದರೆ ದ್ರವದಲ್ಲಿ ಕರಗಿತೆಂದರೆ ಸಾರಿಗೆ ಹಾಕಿದ ಉಪ್ಪಿನಂತೆ, ಮತ್ತೆ ತೆಗೆಯುವುದು ಕಷ್ಟ. ಮಸಾಲೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪಲಾವಿಗೆ ಹಾಕುತ್ತೇವಲ್ಲ, ಹಾಗೆ ಕಿಣ್ವವನ್ನು ಗಟ್ಟಿ ವಸ್ತುವೊಂದರಲ್ಲಿ ಹಿಡಿದಿಟ್ಟರೆ ಸೋಸಿ ತೆಗೆದು ಮತ್ತೆ ಬಳಸಬಹುದು. ಇದರ ಹಳೆಯ ಕಥೆ ನಮ್ಮ ನ್ಯೂಯಾರ್ಕಿನದೇ: 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ನೆಲ್ಸನ್ ಮತ್ತು ಗ್ರಿಫಿನ್, ಯೀಸ್ಟಿನ ಇನ್ವರ್ಟೇಸ್ ಕಿಣ್ವ ಇದ್ದಿಲಿಗೆ ಅಂಟಿಕೊಂಡ ಮೇಲೂ ಸಕ್ಕರೆಯನ್ನು ಒಡೆಯುತ್ತದೆಂದು ತೋರಿಸಿದರು. ಪಕ್ಕದ ನ್ಯೂಜೆರ್ಸಿಯಲ್ಲಿ ಮೊಬಿಲ್ ಕಂಪನಿಯ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಎಂಸಿಎಂ-41 ಎಂಬ ಸಿಲಿಕಾದಲ್ಲಿ ಜೇನುಗೂಡಿನಂತೆ ಸಾಲುಸಾಲು ತೂತುಗಳು, ಅಗಲ ಸುಮಾರು 2ರಿಂದ 10 ನ್ಯಾನೊಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್! ಇಂಥ ಸಿಲಿಕಾವನ್ನು ಈಗ ನ್ಯಾನೊ ಗಾತ್ರದ ಕಣಗಳಾಗಿಯೂ ಮಾಡುತ್ತಾರೆ. 1996ರಲ್ಲಿ ಟೆಕ್ಸಾಸಿನ ಸಂಶೋಧಕರು ಪ್ರಯತ್ನಿಸಿದಾಗ ಪರಂಗಿಯ ಪಪೈನ್ ಎಂಸಿಎಂ-41ರೊಳಗೆ ಕೂತಿತು. ಗಾತ್ರದಲ್ಲಿ ದೊಡ್ಡದಾದ ಇನ್ನೊಂದು ಕಿಣ್ವ ಬಾಗಿಲಲ್ಲೇ ನಿಂತಿತು.

ಮುಂದಿನ ವಾರ "ಅಚಲೀಕರಣ" ಎಂಬ ಪದ ಕೊಟ್ಟೆವು. ಹುಡುಗ ನಕ್ಕುಬಿಟ್ಟ. "ಕೂರಿಸೋದು ಅಂದ್ರೆ ಸಾಲ್ದಾ ಟೀಚರ್?" ಸಾಕಾಗಿತ್ತು. ನಮಗೇ ಹೊಳೆದಿರಲಿಲ್ಲ.

ಅಜ್ಜಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರಂತೆ: "ಕೂತಿದ್ದು ಜಾರಿ ಆಚೆ ಬಂದ್ರೆ ಏನ್ಮಾಡ್ತೀಯೋ ಮರಿ?" ಸಂಶೋಧಕರ ತಲೆನೋವೂ ಅದೇ. ತೂತು ದೊಡ್ಡದಾದರೆ ಕಿಣ್ವ ಜಾರುತ್ತದೆ. ರಾಸಾಯನಿಕ ಕೊಂಡಿ ಹಾಕಿ ಬಿಗಿದರೆ ಅದರ ಚುರುಕು ಕುಗ್ಗಬಹುದು. ಉತ್ತರ ಬರೆದುಕೊಳ್ಳಲು ಹುಡುಗ ಮತ್ತೆ ತರಗತಿ ಮುಗಿದ ಮೇಲೆ ಉಳಿದ, ಕೈಯಲ್ಲಿ ನೋಟ್‌ಬುಕ್ಕು. "ಕೊಂಡಿ ಅಂದ್ರೆ ಅಜ್ಜಿಗೆ ಗೊತ್ತಾಗುತ್ತಲ್ವಾ?"