ಐದು ಹೆಸರಿನ ಹಡಗು

ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ. ಯಾವ ದಂಡೆಗೆ ಹೋಗಬೇಕೆಂದರೂ ಘಟ್ಟ ಇಳಿಯಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಮುನಿರಾಬಾದಿನ ಕಡೆ ಹೋಗಿ ತುಂಬಿ ನಿಂತ ತುಂಗಭದ್ರಾ ಜಲಾಶಯವನ್ನು ನೀವು ನೋಡಿದ್ದರೆ, ನಮ್ಮವರ ಪಾಲಿಗೆ ಸಮುದ್ರವೆಂದರೆ ಅದೇ. ಇನ್ನು ದೋಣಿ ಎಂದರೆ ಆನೆಗೊಂದಿಯ ಹರಿಗೋಲು. ಬಿದಿರು ಹೆಣೆದು ಮಾಡಿದ ಆ ದುಂಡನೆಯ ಬುಟ್ಟಿಯನ್ನು ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ನೋಡಿ ಬರೆದಿಟ್ಟಿದ್ದಾನೆ. ಹರಿಗೋಲಿಗೆ ಹೆಸರಿಲ್ಲ. ಅಂಬಿಗನಿಗೆ ಕಾಸು ಕೊಟ್ಟು ಆಚೆ ದಡ ಸೇರಿದರೆ ಮುಗಿಯಿತು.

ಇಂಥ ಒಣನೆಲದ ಊರುಗಳಿಂದಲೂ ನಮ್ಮ ಹಿರಿಯರು ಸಮುದ್ರ ದಾಟಿದ್ದಾರೆ. ನಿಮ್ಮ ಮನೆಯಲ್ಲಿ ತೊಂಬತ್ತು ದಾಟಿದ ದಾದಾ ಅಥವಾ ದಾದಿ ಇದ್ದರೆ ಕೇಳಿ ನೋಡಿ. ವಿಮಾನ ಬರುವ ಮೊದಲು ಹಜ್ಜ್ ಎಂದರೆ ಹಡಗು, ಹಡಗು ಎಂದರೆ ಮುಂಬಯಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ. ಆದ್ದರಿಂದ ಆ ಕಾಲದಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಯಾತ್ರಿಕರು ಹತ್ತಿರದ ನಿಲ್ದಾಣದವರೆಗೆ ಬಸ್ಸಿನಲ್ಲೋ ಗಾಡಿಯಲ್ಲೋ ಬಂದು, ಗದಗ ಅಥವಾ ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ ಮುಂಬಯಿ ಸೇರಬೇಕಿತ್ತು. ಹೊರಡುವ ಮುಂಚೆ ಮನೆಮನೆಗೆ ಹೋಗಿ ಮಾಫಿ ಕೇಳುವುದು, ಸಾಲ ತೀರಿಸುವುದು, ಯಾರದಾದರೂ ಅಮಾನತು ಕೈಯಲ್ಲಿದ್ದರೆ ಹಿಂದಿರುಗಿಸುವುದು ಮೊದಲ ಕೆಲಸ. ತಿರುಗಿ ಬರುವ ಭರವಸೆ ಯಾರಿಗೂ ಇರಲಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು, ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ. ಸಾಮಾನು ಇಷ್ಟೇ.

ಮುಂಬಯಿಯಲ್ಲಿ ಮುಸಾಫಿರ್‌ಖಾನೆಯಲ್ಲಿ ತಂಗಿ, ಟಿಕೆಟು, ಚುಚ್ಚುಮದ್ದು, ಕಾಗದಪತ್ರಗಳನ್ನು ಮುಗಿಸಿ ಹತ್ತುತ್ತಿದ್ದುದು ಮೊಘಲ್ ಲೈನ್ ಹಡಗುಗಳನ್ನು. ಇಸ್ಲಾಮಿ, ಮುಹಮ್ಮದಿ, ಮುಝಫ್ಫರಿ, ಆಮೇಲೆ ಅಕ್ಬರ್, ನೂರ್‌ಜಹಾನ್ ಎಂಬ ಹೆಸರುಗಳನ್ನು ಹಳಬರು ತಮ್ಮ ನೆಂಟರ ಹೆಸರಿನಂತೆ ಹೇಳುತ್ತಿದ್ದರು. ಆ ಕಂಪನಿಯೂ ಹೆಸರು ಬದಲಿಸಿಕೊಂಡದ್ದೇ. 1877ರಲ್ಲಿ ಅದು ಹುಟ್ಟಿದ್ದು ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಎಂಬ ಉದ್ದ ಹೆಸರಿನಲ್ಲಿ. 1938ರಲ್ಲಿ ಅದು ಮೊಘಲ್ ಲೈನ್ ಆಯಿತು. ಸ್ವಾತಂತ್ರ್ಯ ಬಂದ ಮೇಲೆ ಸರಕಾರದ ಕೈಗೆ ಬಂದು, 1986ರಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಹತ್ತಿದ ಹಾಜಿಗೆ ಮಾತ್ರ ಮಾಲಿಕ ಯಾರೆಂಬ ಚಿಂತೆ ಇರಲಿಲ್ಲ. ಹಡಗು ಜಿದ್ದಾ ಮುಟ್ಟಿದರೆ ಸಾಕಿತ್ತು.

ಜಿದ್ದಾ ಬಂದರಿನಲ್ಲಿ ನಮ್ಮ ಹಡಗುಗಳು ಮಾತ್ರ ಇರುತ್ತಿರಲಿಲ್ಲ. ಹಜ್ಜ್‌ನ ದಿನಗಳಲ್ಲಿ ಕರಾಚಿಯ, ಈಜಿಪ್ಟಿನ, ದೂರದ ಇಂಡೋನೇಷ್ಯಾದ ಹಡಗುಗಳೂ ಲಂಗರು ಹಾಕುತ್ತಿದ್ದವು. ಅವುಗಳಲ್ಲಿ ಒಂದರ ಕಥೆಯನ್ನು ನಿಮಗೆ ಹೇಳಬೇಕು. ಅದರ ಹೆಸರು ಗುನುಂಗ್ ಜಾತಿ. ನೂರಾರು ವರ್ಷಗಳ ಹಿಂದೆ ಜಾವಾದಲ್ಲಿ ಇಸ್ಲಾಮಿನ ಸಂದೇಶ ಹರಡಿದ ಒಂಬತ್ತು ವಲಿಗಳಲ್ಲಿ ಒಬ್ಬರಾದ ಸುನನ್ ಗುನುಂಗ್ ಜಾತಿಯವರ ಹೆಸರು ಅದು. ಆ ಭಾಷೆಯಲ್ಲಿ ಗುನುಂಗ್ ಎಂದರೆ ಬೆಟ್ಟ, ಜಾತಿ ಎಂದರೆ ತೇಗದ ಮರ. ಈ ಹೆಸರನ್ನು ಓದಿದವರು ಹಡಗನ್ನು ಹಾಜಿಗಳಿಗಾಗಿಯೇ ಕಟ್ಟಿದ್ದೆಂದು ತಿಳಿದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅದು ಹಾಜಿಗಳನ್ನು ಹೊರುವ ಮೊದಲೇ ಮೂರು ಹೆಸರು ಕಳೆದುಕೊಂಡಿತ್ತು.

ಅದು ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, 1936ರಲ್ಲಿ. ಕಟ್ಟಿದವರು ಬ್ಲೋಮ್ ಅಂಡ್ ಫೋಸ್ ಎಂಬ ಹೆಸರಾಂತ ಹಡಗುಕಟ್ಟೆಯವರು. ಜರ್ಮನ್ ಈಸ್ಟ್ ಆಫ್ರಿಕಾ ಲೈನ್ ಎಂಬ ಕಂಪನಿ ಅದರ ಮೊದಲ ಮಾಲಿಕ. ದಕ್ಷಿಣ ಆಫ್ರಿಕಾಕ್ಕೆ ಪ್ರಯಾಣಿಕರನ್ನು ಕರೆದೊಯ್ಯುವ, ಸುಮಾರು 16,600 ಟನ್ನಿನ ದೊಡ್ಡ ಹಡಗಾದ್ದರಿಂದ ಆ ದೇಶದ ರಾಜಧಾನಿಯ ಹೆಸರನ್ನೇ ಇಟ್ಟರು: ಪ್ರಿಟೋರಿಯಾ. ಹಣವಂತರು ಊಟದ ಕೋಣೆಯಲ್ಲಿ ಕುಳಿತು ಸಮುದ್ರ ನೋಡುತ್ತಾ ಹೋಗುವ ಹಡಗು. ಮೂರು ವರ್ಷ ತುಂಬುವುದರೊಳಗೆ ಎರಡನೆಯ ಮಹಾಯುದ್ಧ ಬಂತು. ವಿಹಾರದ ಹಡಗು ಜರ್ಮನ್ ನೌಕಾಪಡೆಯವರ ವಸತಿಯಾಯಿತು, ಕೊನೆಗೆ ಗಾಯಾಳುಗಳ ಆಸ್ಪತ್ರೆಯಾಯಿತು.

1945ರಲ್ಲಿ ಜರ್ಮನಿ ಸೋತಾಗ ಹಡಗು ಬ್ರಿಟಿಷರ ಕೈವಶವಾಯಿತು. ಗೆದ್ದವರು ಮಾಡಿದ ಮೊದಲ ಕೆಲಸ ಹಳೆಯ ಹೆಸರನ್ನು ಅಳಿಸಿದ್ದು. ಎಂಪೈರ್ ಡೂನ್ ಎಂದು ಕರೆದು ಸೈನಿಕರನ್ನು ಸಾಗಿಸಲು ತೊಡಗಿಸಿದರು. ಡೂನ್ ಎಂಬುದು ಸ್ಕಾಟ್ಲೆಂಡಿನ ಒಂದು ಹೊಳೆ. ಬಾಯ್ಲರುಗಳು ಕೈಕೊಟ್ಟಾಗ ಕೆಲಕಾಲ ಕಟ್ಟಿಹಾಕಿ, ರಿಪೇರಿ ಮಾಡಿಸಿ, ಮತ್ತೆ ಹೆಸರು ಬದಲಿಸಿದರು. ಈ ಬಾರಿ ಇಂಗ್ಲೆಂಡಿನ ಒಂದು ಹೊಳೆಯ ಹೆಸರು, ಎಂಪೈರ್ ಆರ್ವೆಲ್. ಅಷ್ಟರಲ್ಲಿ ಆ ಎಂಪೈರ್ ಎಂಬ ಸಾಮ್ರಾಜ್ಯವೇ ಕರಗತೊಡಗಿತ್ತು. ದೂರದ ದಂಡಿಗೆ ಸೈನಿಕರನ್ನು ಕಳುಹಿಸುವ ಕೆಲಸ ಕಡಿಮೆಯಾಯಿತು. 1958ರಲ್ಲಿ ಹಡಗು ಮಾರಾಟಕ್ಕೆ ಬಂತು.

ಕೊಂಡವರು ಲಿವರ್‌ಪೂಲಿನ ಆಲ್ಫ್ರೆಡ್ ಹೋಲ್ಟ್ ಕಂಪನಿಯವರು. ಅವರು ಅದನ್ನು ಗ್ಲಾಸ್ಗೋದಲ್ಲಿ ಹೊಸದಾಗಿ ಸಜ್ಜುಗೊಳಿಸಿದರು. ಮೇಲ್ದರ್ಜೆಯಲ್ಲಿ ನೂರಕ್ಕೆ ಸ್ವಲ್ಪ ಹೆಚ್ಚು ಜನ, ಉಳಿದಂತೆ ಸುಮಾರು 2,000 ಹಾಜಿಗಳಿಗೆ ಜಾಗ, ನಮಾಝಿಗೊಂದು ಮಸೀದಿ. 1959ರಿಂದ ಅದು ಗುನುಂಗ್ ಜಾತಿ ಎಂಬ ಹೆಸರಿನಲ್ಲಿ ಇಂಡೋನೇಷ್ಯಾದ ಬಂದರುಗಳಿಂದ ಜಿದ್ದಾಕ್ಕೆ ಓಡಾಡತೊಡಗಿತು. 1962ರಲ್ಲಿ ಇಂಡೋನೇಷ್ಯಾ ಸರಕಾರವೇ ಅದನ್ನು ಕೊಂಡಿತು. ಬಂದೂಕು ಹಿಡಿದವರು ಮಲಗಿದ್ದ ಜಾಗದಲ್ಲಿ ತಸ್ಬೀಹ್ ಹಿಡಿದ ರೈತರು, ಮೀನುಗಾರರು, ಮುದುಕಿಯರು ಚಾಪೆ ಹಾಸಿಕೊಂಡರು.

ಈಗ ಒಂದು ಕ್ಷಣ ನೀವು ಆ ಹಡಗಿನಲ್ಲಿದ್ದೀರಿ ಎಂದುಕೊಳ್ಳಿ. ಅದು ಗುನುಂಗ್ ಜಾತಿಯಾಗಲಿ, ಮುಂಬಯಿಯಿಂದ ಹೊರಟ ನಮ್ಮ ಅಕ್ಬರ್ ಆಗಲಿ, ಕೆಂಪು ಸಮುದ್ರ ಹೊಕ್ಕು ಯಲಮ್‌ಲಮ್ ಸರಿಸಮಕ್ಕೆ ಬಂದಾಗ ಹಡಗಿನಲ್ಲಿ ಸುದ್ದಿ ಹರಡುತ್ತದೆ. ಭಾರತದ ಕಡೆಯಿಂದಲೂ ಇಂಡೋನೇಷ್ಯಾದ ಕಡೆಯಿಂದಲೂ ಸಮುದ್ರ ಮಾರ್ಗವಾಗಿ ಬರುವವರಿಗೆ ಅದೇ ಮೀಕಾತ್. ಎಲ್ಲರೂ ಸ್ನಾನ ಮಾಡುತ್ತಾರೆ. ಗಂಡಸರು ಹೊಲಿದ ಬಟ್ಟೆ ಬಿಚ್ಚಿ ಎರಡು ಬಿಳಿ ವಸ್ತ್ರ ಸುತ್ತಿಕೊಳ್ಳುತ್ತಾರೆ. ಯಾರು ಗೌಡರ ಹೊಲದ ಆಳು, ಯಾರು ಅಕ್ಕಿ ಗಿರಣಿಯ ಸಾಹುಕಾರ ಎಂಬುದು ಬಟ್ಟೆ ನೋಡಿ ಹೇಳಲಾಗದು. ಲಬ್ಬೈಕ್ ಎಂಬ ದನಿ ಹಡಗನ್ನು ತುಂಬುತ್ತದೆ. ಹಡಗಿನ ಮೂತಿಯ ಮೇಲೆ ಬಳಿದ ಹೆಸರು ಯಾವುದೆಂದು ಆಗ ಯಾರು ನೋಡುತ್ತಾರೆ? ಜರ್ಮನಿಯ ಹಣವಂತರಿಗಾಗಿ ಕಟ್ಟಿದ ಕಬ್ಬಿಣ ಆ ಹೊತ್ತಿನಲ್ಲಿ ಅಲ್ಲಾಹನ ಅತಿಥಿಗಳನ್ನು ಹೊತ್ತಿರುತ್ತದೆ. ಅದರ ಐವತ್ತು ವರ್ಷದ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಗೌರವ ಇನ್ನಾವುದಿತ್ತು?

ಮುಂದಿನ ಕಥೆ ಚಿಕ್ಕದು. ವಿಮಾನಗಳು ಬಂದವು, ಹಾಜಿಗಳು ಆಕಾಶ ಮಾರ್ಗ ಹಿಡಿದರು. ಗುನುಂಗ್ ಜಾತಿ ಇಂಡೋನೇಷ್ಯಾದ ನೌಕಾಪಡೆ ಸೇರಿ ತಂಜುಂಗ್ ಪಾಂಡಾನ್ ಎಂಬ ಐದನೆಯ ಹೆಸರು ಪಡೆಯಿತು. 1987ರಲ್ಲಿ ತೈವಾನಿನ ಗುಜರಿ ಕಟ್ಟೆಯಲ್ಲಿ ಅದನ್ನು ಒಡೆದರು. ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದ ನಮ್ಮ ಹಜ್ಜ್ ಹಡಗುಗಳ ಓಡಾಟವೂ 1995ರಲ್ಲಿ ನಿಂತಿತು. ವಾರ ಹತ್ತು ದಿನಗಳ ದಾರಿ ಕೆಲವು ಗಂಟೆಗಳಿಗೆ ಇಳಿಯಿತು.

ಇದು ಹಳೆಯ ಕಾಲದ ಮಾತು ಎನ್ನಬೇಡಿ. 2019ರಲ್ಲಿ ಅದೇ ಮುಂಬಯಿ ಬಂದರಿನಿಂದ ಕರ್ಣಿಕಾ ಎಂಬ ವಿಹಾರ ಹಡಗು ಹೊರಟಾಗ ಪತ್ರಿಕೆಗಳೆಲ್ಲ ಅದರ ವೈಭವವನ್ನು ಬಣ್ಣಿಸಿದವು. ಅದು 1990ರಲ್ಲಿ ಇಟಲಿಯಲ್ಲಿ ಕಟ್ಟಿದ ಕ್ರೌನ್ ಪ್ರಿನ್ಸೆಸ್. ಆಮೇಲೆ ಅರೋಸಾ ಬ್ಲೂ, ಐಡಾ ಬ್ಲೂ, ಓಷನ್ ವಿಲೇಜ್ ಟೂ, ಪೆಸಿಫಿಕ್ ಜ್ಯುವೆಲ್ ಎಂದೆಲ್ಲ ಕರೆಸಿಕೊಂಡು ಆರನೆಯ ಹೆಸರಿನಲ್ಲಿ ನಮ್ಮಲ್ಲಿಗೆ ಬಂದಿತ್ತು. ವರ್ಷ ತುಂಬುವುದರೊಳಗೆ ಕೊರೋನಾ ಬಂತು. 2020ರ ಕೊನೆಯಲ್ಲಿ ಅದು ಗುಜರಾತಿನ ಅಲಂಗ್ ದಂಡೆಯಲ್ಲಿ ಗುಜರಿಯಾಯಿತು.

ಹಡಗು ನೀರಿನ ಮೇಲಿನದು, ಅದಕ್ಕೆ ನೆಲೆ ಇಲ್ಲ, ನೆಲದ ಮಾತು ಬೇರೆ ಎನ್ನುತ್ತೀರಾ? ಹಾಗಾದರೆ ಕೊಪ್ಪಳಕ್ಕೆ ಬನ್ನಿ. ಗವಿಮಠದ ಬೆಟ್ಟದ ಮೇಲೆ, ಪಾಲ್ಕಿಗುಂಡಿನ ಬಂಡೆಯ ಕೆಳಗೆ ಎರಡು ಸಾವಿರದ ಇನ್ನೂರು ವರ್ಷ ದಾಟಿದ ಅಶೋಕನ ಶಾಸನಗಳಿವೆ. ಮಸ್ಕಿಯ ಶಾಸನದಲ್ಲಿ ಅವನ ಹೆಸರಿದೆ, ಗವಿಮಠದಲ್ಲಿ ಬಿರುದು ಮಾತ್ರ. ಊರಿನ ಹಳೆಯ ಹೆಸರು ಕೊಪಣ. ಕೋಟೆಯ ಕಡೆ ನೋಡಿ. 1786ರಲ್ಲಿ ಅದನ್ನು ಪಾಳೇಗಾರನಿಂದ ಪಡೆದ ಟಿಪ್ಪು ಸುಲ್ತಾನ್ ಫ್ರೆಂಚ್ ತಂತ್ರಜ್ಞರ ನೆರವಿನಿಂದ ಬಲಪಡಿಸಿದರು. 1790ರಲ್ಲಿ ನಿಜಾಮ ಮತ್ತು ಬ್ರಿಟಿಷರ ಸೇನೆ ಮುತ್ತಿಗೆ ಹಾಕಿ ಮರುವರ್ಷ ವಶಪಡಿಸಿಕೊಂಡಿತು. 1858ರಲ್ಲಿ ಮುಂಡರಗಿ ಭೀಮರಾಯರು ಕೋಟೆ ಹಿಡಿದು ಬ್ರಿಟಿಷರ ವಿರುದ್ಧ ಹೋರಾಡಿ ಇಲ್ಲೇ ಪ್ರಾಣ ಕೊಟ್ಟರು. ಕೊಪ್ಪಳ, ಯಲಬುರ್ಗಾ ತಾಲ್ಲೂಕುಗಳು ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಕುಷ್ಟಗಿ, ಗಂಗಾವತಿಗಳು ನಿಜಾಮರ ರಾಯಚೂರು ಜಿಲ್ಲೆಯಲ್ಲಿದ್ದವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಈ ನೆಲ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು, 1997ರಲ್ಲಿ ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆಯಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಬಂತು. ನಮ್ಮ ಅಜ್ಜಂದಿರು ಊರು ಬಿಟ್ಟು ಕದಲದೆಯೇ ಮೂರು ನಾಲ್ಕು ಹೆಸರಿನ ಹಡಗುಗಳಲ್ಲಿ ಪ್ರಯಾಣ ಮಾಡಿದಂತಾಯಿತು.

ಆದರೆ ಈ ಎಲ್ಲ ಬದಲಾವಣೆಗಳ ನಡುವೆ ಒಂದು ವಿಷಯವನ್ನು ಗಮನಿಸಿ. ನಿಜಾಮರ ಕಾಲದಲ್ಲಿ ತಮ್ಮ ಸಂಸ್ಥಾನದ ಹಾಜಿಗಳು ತಂಗಲೆಂದು ಮಕ್ಕಾದಲ್ಲಿ ರುಬಾತ್‌ಗಳನ್ನು, ಅಂದರೆ ಉಚಿತ ವಸತಿಗಳನ್ನು, ವಕ್ಫ್ ಮಾಡಿದ್ದರು. ಹರಮ್ ಶರೀಫಿನ ವಿಸ್ತರಣೆಯಲ್ಲಿ ಹಳೆಯ ಕಟ್ಟಡಗಳು ಹೋದವು, ಜಾಗ ಬದಲಾಯಿತು. ಸಂಸ್ಥಾನವಂತೂ ಭೂಪಟದಲ್ಲೇ ಉಳಿಯಲಿಲ್ಲ. ಆದರೂ ಆ ವಕ್ಫ್ ಉಳಿಯಿತು. ತೆಲಂಗಾಣ, ಮರಾಠವಾಡದವರ ಜೊತೆಗೆ ಕರ್ನಾಟಕದ ಬೀದರ್, ಕಲಬುರಗಿ, ರಾಯಚೂರು ಸೀಮೆಯ ಹಾಜಿಗಳಿಗೂ, ಸಂಸ್ಥಾನ ಇಲ್ಲವಾಗಿ ಎಷ್ಟೋ ದಶಕಗಳ ನಂತರವೂ, ಚೀಟಿ ಎತ್ತಿ ಅಲ್ಲಿ ಜಾಗ ಕೊಡಲಾಗಿದೆ. ಹಳೆಯ ರಾಯಚೂರು ಜಿಲ್ಲೆ ಎಂದರೆ ನಮ್ಮ ಕೊಪ್ಪಳದ ತಾಲ್ಲೂಕುಗಳೂ ಸೇರಿದವು.

ಕೋಟೆ ಹೋಯಿತು, ಜಾಗೀರು ಹೋಯಿತು, ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬರೆನಿಸಿದ್ದ ನಿಜಾಮರ ಸಿಂಹಾಸನವೂ ಹೋಯಿತು. ಕೈಯಲ್ಲಿ ಬಿಗಿಯಾಗಿ ಹಿಡಿದದ್ದೆಲ್ಲ ಬೇರೆಯವರ ಕೈ ಸೇರಿತು. ಅಲ್ಲಾಹನಿಗಾಗಿ ಬಿಟ್ಟುಕೊಟ್ಟದ್ದು ಮಾತ್ರ ಕೊಟ್ಟವರ ಹೆಸರಿನಲ್ಲೇ ಉಳಿಯಿತು.

ನಮ್ಮ ಮನೆಗಳಲ್ಲಿ ಎರಡು ಎಕರೆ ಹೊಲಕ್ಕಾಗಿ, ಒಂದು ಗೋಡೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅಕ್ಕತಂಗಿಯರ ಪಾಲನ್ನು ಕೊಡದೆ ಖಾತೆಯಲ್ಲಿ ಹೆಸರು ಬರೆಸಿಕೊಂಡವರಿದ್ದಾರೆ. ಅವರೇ ಮರುವರ್ಷ ಹಜ್ಜ್‌ಗೆ ಅರ್ಜಿ ಹಾಕುತ್ತಾರೆ. ಆ ಖಾತೆಯ ಹೆಸರು ಹಡಗಿನ ಮೂತಿಯ ಮೇಲಿನ ಬಣ್ಣವಿದ್ದಂತೆ. ಮುಂದಿನ ಮಾಲಿಕ ಬಂದಾಗ ಮೊದಲು ಅಳಿಸುವುದು ಅದನ್ನೇ. ಹಿಂದಿನವರು ಮುಂಬಯಿ ರೈಲು ಹತ್ತುವ ಮುಂಚೆ ಮನೆಮನೆಗೆ ಹೋಗಿ ಲೆಕ್ಕ ಚುಕ್ತಾ ಮಾಡುತ್ತಿದ್ದುದು ಇದಕ್ಕೇ. ವಿಮಾನ ಬೇಗ ತಲುಪಿಸುತ್ತದೆ, ಸರಿ. ಆದರೆ ಆ ಕೆಲಸವನ್ನು ನಾವು ಬಿಡಬೇಕಾಗಿಲ್ಲ.

ಪ್ರವಾದಿ ನೂಹ್ (ಅ)ರ ಹಡಗನ್ನು ನೆನೆಯಿರಿ. ಅದರ ಕಥೆ ಇಡೀ ಲೋಕಕ್ಕೆ ಗೊತ್ತು. ಆದರೆ ಕುರ್‌ಆನಿನಲ್ಲಿ ಅದಕ್ಕೊಂದು ಹೆಸರಿಲ್ಲ. ಅದು ಯಾರನ್ನು ಹೊತ್ತು ದಡ ಮುಟ್ಟಿಸಿತು ಎಂಬುದು ಮಾತ್ರ ನಮಗೆ ತಿಳಿದಿದೆ.

ಮುಂದಿನ ಸಲ ಕೊಪ್ಪಳದ ಕೋಟೆ ಹತ್ತಿದಾಗ ಮಕ್ಕಳಿಗೆ ಈ ಹಡಗಿನ ಕಥೆ ಹೇಳಿ. ಆನೆಗೊಂದಿಯ ಹರಿಗೋಲಿನಲ್ಲಿ ಕುಳಿತಾಗ ನೀವೂ ಒಮ್ಮೆ ಯೋಚಿಸಿ. ನಮಗೆ ಅಮಾನತಾಗಿ ಕೊಟ್ಟ ಮನೆ, ಹೊಲ, ಆಯುಷ್ಯಗಳು ಕೈ ಬದಲಾಗುವ ಮೊದಲು ಒಳ್ಳೆಯದಕ್ಕೆ ಬಳಕೆಯಾಗಲಿ, ನಾವು ಬಿಟ್ಟುಹೋಗುವುದರಲ್ಲಿ ಒಂದು ಚೂರಾದರೂ ಉಳಿಯುವಂಥದ್ದಾಗಲಿ. ಅಲ್ಲಾಹನು ನಮಗೆಲ್ಲ ಆ ಭಾಗ್ಯವನ್ನು ಕರುಣಿಸಲಿ, ಆಮೀನ್.